ಓದುಗರ ಪ್ರಶ್ನೆ: ಚಿತ್ರಕಥೆಗಳ ಮೂಲಹಾಳೆಗಳು ಕೊಳ್ಳಲು ಏಕೆ ಸಿಗುವುದಿಲ್ಲ?

ಮೂಡಿಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಇಂದ್ರಜಾಲ ಕಾಮಿಕ್ಸ್ ಮತ್ತು ಅಮರ ಚಿತ್ರ ಕಥೆಯ ಹಳೆಯ ಸಂಚಿಕೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಕಲಾವಿದರು ಕೈಯಾರೆ ಬರೆದ ಮೂಲಹಾಳೆ ಒಂದಾದರೂ ಬೇಕೆಂದು ವರ್ಷಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಏಕೆ? ಸಿಕ್ಕರೆ ಅಸಲಿಯೆಂದು ತಿಳಿಯುವುದು ಹೇಗೆ?"

ಆ ಹಾಳೆಗಳನ್ನು ಅಂದು ಕಲಾಕೃತಿಯೆಂದು ಎಣಿಸಿದವರೇ ಕಡಿಮೆ. ಕ್ಯಾಮೆರಾದಿಂದ ನೆಗೆಟಿವ್ ತೆಗೆದು ಅಚ್ಚಿನ ಪ್ಲೇಟು ಸಿದ್ಧವಾದ ಮೇಲೆ ಮೂಲಹಾಳೆಯ ಕೆಲಸ ಮುಗಿಯುತ್ತಿತ್ತು. ಅಮೆರಿಕದಲ್ಲಿ 1940–50ರ ದಶಕಗಳ ಅಸಂಖ್ಯ ಹಾಳೆಗಳು ಹೀಗೆಯೇ ಕಸಕ್ಕೆ ಹೋದವು. ಮಾರ್ವೆಲ್ ಎಂಬ ಅಲ್ಲಿನ ಕಾಮಿಕ್ಸ್ ಸಂಸ್ಥೆಗೆ ಸಾವಿರಾರು ಪುಟಗಳನ್ನು ಬರೆದುಕೊಟ್ಟ ಕಲಾವಿದ ಜಾಕ್ ಕರ್ಬಿಯವರು ದೀರ್ಘ ಹೋರಾಟ ನಡೆಸಿದ ಬಳಿಕ, 1987ರಲ್ಲಿ, ಅವುಗಳಲ್ಲಿ ಒಂದು ಪಾಲು ಮಾತ್ರ ಅವರ ಕೈಗೆ ಮರಳಿತು.

ಉಳಿದುಕೊಂಡವೂ ಮಾರಾಟಕ್ಕೆ ಬರುವುದು ಅಪರೂಪ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ 24 ಹಾಳೆಗಳನ್ನು ದಾನಿಯೊಬ್ಬರು ಹೆಸರು ಹೇಳದೆ 2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟುಬಿಟ್ಟರು. ಅಂಥ ಕೃತಿ ಹರಾಜಿಗೆ ಬಂದರೆ ಬೆಲೆ ಎಲ್ಲಿಗೆ ಮುಟ್ಟೀತು ಎಂಬುದನ್ನು ಅದೇ ಸ್ಪೈಡರ್‌ಮ್ಯಾನ್‌ನ 1984ರ ಒಂದೇ ಒಂದು ಪುಟ 2022ರ ಜನವರಿಯಲ್ಲಿ 33.6 ಲಕ್ಷ ಡಾಲರಿಗೆ ಹೋದದ್ದರಿಂದ ಊಹಿಸಬಹುದು.

ಇನ್ನು ನಿಮ್ಮ ಹುಡುಕಾಟದ ವಿಷಯ. 1964ರಲ್ಲಿ ಆರಂಭವಾದ ಇಂದ್ರಜಾಲದ ಫ್ಯಾಂಟಮ್ ಮತ್ತು ಮ್ಯಾಂಡ್ರೇಕ್ ಕಥೆಗಳ ಒಳಪುಟಗಳು ಅಮೆರಿಕದ ಪತ್ರಿಕೆಗಳಿಗಾಗಿ ಬರೆದ ಚಿತ್ರಗಳು. ಅವುಗಳ ಮೂಲವನ್ನು ಇಲ್ಲಿ ಅರಸಿ ಫಲವಿಲ್ಲ. ಇಲ್ಲಿ ಅರಸಬೇಕಾದದ್ದು ನಮ್ಮ ಕಲಾವಿದರ ಕೈಬರಹವನ್ನು, ಅಂದರೆ ಇಂದ್ರಜಾಲಕ್ಕೆ ಗೋವಿಂದ ಬ್ರಾಹ್ಮಣಿಯಾ ಬರೆದ ಮುಖಪುಟಗಳು, 1976ರಿಂದ ಅದರಲ್ಲೇ ಬಂದ ಬಹಾದೂರ್ ಕಥೆಗಳ ಪುಟಗಳು, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರ ಕಥೆಗೆ ರಾಮ್ ವಾಯೀರ್ಕರ್, ಪ್ರತಾಪ್ ಮುಳೀಕ್ ಮುಂತಾದವರು ಬರೆದವು. ಇವು ಅಂಗಡಿಯಲ್ಲಿ ಸಿಗುವುದಕ್ಕಿಂತ ಕಲಾವಿದರ ಮನೆಯವರ ವಿಶ್ವಾಸದಿಂದ ಸಿಗುವ ಸಂಭವವೇ ಹೆಚ್ಚೆಂದು ನಾನು ನಂಬಿದ್ದೇನೆ. ಸಿಕ್ಕಾಗ, ಹಾಳೆ ಯಾರಿಂದ ಯಾರಿಗೆ ಬಂತೆಂಬುದನ್ನು ಬರೆಸಿ ರುಜು ಹಾಕಿಸಿಕೊಳ್ಳಿ. ಹಾಳೆಯ ಜೊತೆಗೆ ಹಕ್ಕುಸ್ವಾಮ್ಯ ಬರುವುದಿಲ್ಲವಾದ್ದರಿಂದ ಅದನ್ನು ಅಚ್ಚು ಹಾಕಿಸಿ ಮಾರುವಂತಿಲ್ಲ ಎಂಬುದೂ ನೆನಪಿರಲಿ.

ಅಸಲಿಯೇ ಎಂಬ ಪ್ರಶ್ನೆಗೆ ಹಾಳೆಯೇ ಉತ್ತರ ಹೇಳುತ್ತದೆ. ಹಾಸನದ ಪರಿಚಿತರೊಬ್ಬರ ಮನೆಯಲ್ಲಿ ನಾನು ನೋಡಿದ ಮಕ್ಕಳ ಚಿತ್ರಕಥೆಯ ಪುಟವೊಂದರಲ್ಲಿ, ಮಾತು ಬರೆದು ಅಂಟಿಸಿದ್ದ ಕಾಗದದ ತುಂಡು ಕಳಚಿಬಿದ್ದು, ಅದರ ಜಾಗದಲ್ಲಿ ಹಳದಿಗಟ್ಟಿದ ಗೋಂದಿನ ಕಲೆಯೂ ಕಲಾವಿದರು ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಬೇರೆಯೇ ಮಾತೂ ಕಾಣುತ್ತಿದ್ದವು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ದಟ್ಟ ಕಪ್ಪಿನ ಭಾಗಗಳಲ್ಲಿ ಬ್ರಷ್ಷಿನ ಎಳೆತ, ತಿದ್ದಿದ ಕಡೆ ಉಬ್ಬಿದ ಬಿಳಿ ಬಣ್ಣ, ಅಂಚಿನಲ್ಲಿ ಅಳಿಸಿದ ಪುಟಸಂಖ್ಯೆ ತಿಳಿಯುತ್ತಿದ್ದವು. ಅಚ್ಚಿನ ಪ್ರತಿಯಲ್ಲಿ ಕಪ್ಪು ಎಲ್ಲೆಡೆ ಸಮವಾಗಿರುತ್ತದೆ, ಬೆರಳಿಗೆ ಏನೂ ತಗಲುವುದಿಲ್ಲ. ಮೂಲಹಾಳೆ ಸಾಮಾನ್ಯವಾಗಿ ಅಚ್ಚಾದ ಪುಟಕ್ಕಿಂತ ದೊಡ್ಡದಾಗಿಯೂ ಇರುತ್ತದೆ.

ಕೊಂಡ ಮೇಲೆ ಮಲೆನಾಡಿನ ಥಂಡಿಯೇ ದೊಡ್ಡ ಶತ್ರು. ಆರಿದ್ರೆಯಿಂದ ಆಶ್ಲೇಷದವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ನಿಮ್ಮೂರಿನಲ್ಲಿ ಹಾಳೆಯನ್ನು ಹೊರಗೋಡೆಗೆ ನೇತುಹಾಕಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಅದನ್ನು ಮತ್ತೆ ಬಿಡಿಸಲಾಗದು. ಆಮ್ಲರಹಿತ ರಟ್ಟಿನ ಮೇಲಿಟ್ಟು, ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಹೊದಿಕೆಯಲ್ಲಿ ಸೇರಿಸಿ, ಒಳಕೋಣೆಯ ಬೀರುವಿನಲ್ಲಿ ನೆಲದಿಂದ ಎತ್ತರಕ್ಕೆ ಮಲಗಿಸಿಡಿ. ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸುತ್ತ ಬನ್ನಿ. ಕಳಚಿದ ತುಂಡುಗಳಿದ್ದರೆ ನೀವೇ ಅಂಟಿಸಲು ಹೋಗದೆ, ಲಕೋಟೆಯಲ್ಲಿ ಹಾಕಿ ಆ ಹಾಳೆಯ ಜೊತೆಗೇ ಇಡಿ.