ಹಿಂಗಾಜಿನ ಮಬ್ಬು ಬಿಡದಿದ್ದರೆ

ಜುಲೈ ಮಳೆಯಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದರೆ ಕಾರಿನ ಹಿಂಗಾಜು ನೋಡನೋಡುತ್ತಲೇ ಹಾಲುಬಣ್ಣಕ್ಕೆ ತಿರುಗುತ್ತದೆ. ಗಾಜನ್ನು ಬಿಸಿಮಾಡಿ ಮಬ್ಬು ಓಡಿಸುವ ಡಿಫಾಗರ್‌ನ ಬಟನ್ ಒತ್ತಿದರೆ ದೀಪವೇನೋ ಹತ್ತುತ್ತದೆ, ಮಬ್ಬು ಮಾತ್ರ ಕದಲುವುದಿಲ್ಲ. ಆ ದೀಪವನ್ನು ನಂಬಬೇಡಿ. ಸ್ವಿಚ್ ಒತ್ತಿದ್ದು ತಿಳಿಯಿತು ಎನ್ನುವುದಷ್ಟೇ ಅದರ ಅರ್ಥ. ಗಾಜಿಗೆ ಕರೆಂಟ್ ತಲುಪಿತೋ ಇಲ್ಲವೋ ಅದಕ್ಕೂ ಗೊತ್ತಿಲ್ಲ. ಇಂಥ ಕಾರು ಗ್ಯಾರೇಜಿಗೆ ಬಂದಾಗ ‘ಗ್ಲಾಸೇ ಹೋಗಿದೆ, ಹೊಸದು ಹಾಕ್ಬೇಕು’ ಎಂಬ ತೀರ್ಪು ಬಲು ಬೇಗ ಹೊರಬೀಳುತ್ತದೆ. ಬಹುಪಾಲು ಅದು ತಪ್ಪು ತೀರ್ಪು.

ಗಾಜಿನ ಒಳಮೈಯಲ್ಲಿ ಕಾಣುವ ಕಂದು ಗೆರೆಗಳು ತಂತಿಗಳಲ್ಲ. ಬೆಳ್ಳಿ ಬೆರೆತ ಲೇಪವನ್ನು ಅಚ್ಚು ಹಾಕಿ, ಗಾಜಿನ ಜೊತೆಗೇ ಸುಟ್ಟು ಹಿಡಿಸಿರುತ್ತಾರೆ. ಎರಡೂ ಅಂಚಿನಲ್ಲಿ ಅಗಲವಾದ ಪಟ್ಟಿಗಳಿವೆ: ಒಂದಕ್ಕೆ ಬ್ಯಾಟರಿಯ ಪ್ಲಸ್ ಬರುತ್ತದೆ, ಇನ್ನೊಂದು ಬಾಡಿ ಅರ್ತ್‌ಗೆ, ಅಂದರೆ ಕಾರಿನ ಲೋಹದ ಮೈಗೆ ಹೋಗುತ್ತದೆ. ನಡುವಿನ ಗೆರೆಗಳೆಲ್ಲ ಏಣಿಯ ಮೆಟ್ಟಿಲುಗಳ ಹಾಗೆ ಸಮಾಂತರ. 12 ಗೆರೆಗಳ ಗಾಜು ಒಟ್ಟು 15 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ; ಒಂದೊಂದು ಗೆರೆಯ ಪಾಲು ಒಂದೂಕಾಲು ಆಂಪಿಯರ್. ಒಂದು ಗೆರೆ ಕಡಿದರೆ ಅದೊಂದೇ ತಣ್ಣಗಾಗುತ್ತದೆ, ಉಳಿದ ಹನ್ನೊಂದು ಕೆಲಸ ಮಾಡುತ್ತಲೇ ಇರುತ್ತವೆ. ಅಂದಮೇಲೆ ಇಡೀ ಗಾಜು ಒಮ್ಮೆಗೇ ಸತ್ತಿದ್ದರೆ ದೋಷ ಗೆರೆಗಳಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ. ಗಾಜಿನ ಹೊರಗೆ ಹುಡುಕಿ.

ಹುಡುಕುವ ಮುನ್ನ ಎಂಜಿನ್ ಚಾಲೂ ಮಾಡಿ. ಎಂಜಿನ್ ಓಡದಿದ್ದರೆ ಹಲವು ಕಾರುಗಳಲ್ಲಿ ಡಿಫಾಗರ್ ಕೆಲಸವೇ ಮಾಡುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ಟೈಮರ್ ತಾನಾಗಿ ಆಫ್ ಮಾಡುವುದೂ ಉಂಟು, ಅದು ದೋಷವಲ್ಲ. ಫ್ಯೂಸ್ ನೋಡಿ. ರಿಲೇ (ಬಟನ್ನಿನ ಮಾತು ಕೇಳಿ ದೊಡ್ಡ ಕರೆಂಟನ್ನು ಬಿಡುವ ಪುಟ್ಟ ಸ್ವಿಚ್) ‘ಟಕ್’ ಎಂದೂ ಕರೆಂಟ್ ಮುಂದೆ ಹೋಗದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಅದೇ ನಂಬರಿನ ಇನ್ನೊಂದು ರಿಲೇ ಪಕ್ಕದಲ್ಲಿದ್ದರೆ ಅದಲು ಬದಲು ಮಾಡಿದರೆ ಗೊತ್ತಾಗುತ್ತದೆ.

ಇನ್ನು ಮಲ್ಟಿಮೀಟರ್. ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ಹಿಡಿದು, ಕೆಂಪನ್ನು ಗಾಜಿನ ಎರಡೂ ಪಟ್ಟಿಗಳಿಗೆ ಮುಟ್ಟಿಸಿ. ಒಂದರಲ್ಲಿ 12ರಿಂದ 13.5 ವೋಲ್ಟ್, ಇನ್ನೊಂದರಲ್ಲಿ ಸೊನ್ನೆಯ ಆಸುಪಾಸು ಬಂದರೆ ಗಾಜಿಗೆ ಕರೆಂಟ್ ಸರಿಯಾಗಿದೆ. ಎರಡರಲ್ಲೂ 12 ಬಂದರೆ ಅರ್ತ್ ಕಡಿದಿದೆ. ‘12 ವೋಲ್ಟ್ ಬರ್ತಿದೆ, ಆದರೂ ಬಿಸಿ ಇಲ್ಲ, ಗ್ಲಾಸೇ ಖರಾಬು’ ಎಂದು ಮೋಸಹೋಗುವುದು ಇಲ್ಲೇ. ಎರಡರಲ್ಲೂ ಸೊನ್ನೆಯಾದರೆ ಪ್ಲಸ್ ಬರುತ್ತಿಲ್ಲ. ಎಂಟೊಂಬತ್ತು ವೋಲ್ಟ್ ಮಾತ್ರ ಇದ್ದರೆ ದಾರಿಯಲ್ಲೆಲ್ಲೋ ಕನೆಕ್ಟರ್ ಸುಟ್ಟು ಉಳಿದ ವೋಲ್ಟನ್ನು ತಾನೇ ತಿನ್ನುತ್ತಿದೆ. ಓಮ್ ಅಳತೆಯನ್ನು ಇಲ್ಲಿ ನೆಚ್ಚಬೇಡಿ: ಇಡೀ ಗಾಜಿನದು ಒಂದು ಓಮ್‌ನ ಸುತ್ತಮುತ್ತ, ಅಗ್ಗದ ಮೀಟರಿನ ವೈರಿನಲ್ಲೇ ಅದರ ಕಾಲುಭಾಗ ಇರುತ್ತದೆ.

ಹ್ಯಾಚ್‌ಬ್ಯಾಕ್ ಕಾರಾದರೆ ಮೊದಲ ಅನುಮಾನ ಹಿಂಬಾಗಿಲ ಕೀಲಿನ ಪಕ್ಕದ ರಬ್ಬರ್ ಕೊಳವೆಯ ಮೇಲಿರಲಿ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅದರೊಳಗಿನ ವೈರುಗಳು ಮಡಚುತ್ತವೆ. ವರ್ಷಗಟ್ಟಲೆ ಮಡಚಿ, ಮೇಲಿನ ಪ್ಲಾಸ್ಟಿಕ್ ಸರಿಯಾಗಿದ್ದೇ ಒಳಗಿನ ತಾಮ್ರದ ಎಳೆ ಒಂದೊಂದಾಗಿ ತುಂಡಾಗುತ್ತದೆ. ಬಾಗಿಲು ಅಲ್ಲಾಡಿಸಿದಾಗ ಡಿಫಾಗರ್ ಬಂದುಹೋಗುತ್ತಿದ್ದರೆ, ಹಿಂದಿನ ವೈಪರ್ ಕೂಡ ಸೋತಿದ್ದರೆ, ಕೊಳವೆ ಬಿಚ್ಚಿ ಒಂದೊಂದು ವೈರನ್ನೂ ಮೆಲ್ಲಗೆ ಎಳೆದು ನೋಡಿ. ಕಡಿದದ್ದು ರಬ್ಬರಿನಂತೆ ಹಿಗ್ಗುತ್ತದೆ. ಎರಡೇ ಎಳೆ ಉಳಿದಿದ್ದರೂ ಕರೆಂಟ್ ಎಳೆಯದ ಮೀಟರ್ 12 ವೋಲ್ಟ್ ತೋರಿಸುತ್ತದೆ. ಹಾಗಾಗಿ ಗಾಜಿನ ಕನೆಕ್ಟರ್ ಕಳಚಿ, ಅದರ ಪ್ಲಸ್ ಮತ್ತು ಅರ್ತ್ ನಡುವೆ ಹಳೆಯ ಹೆಡ್‌ಲೈಟ್ ಬಲ್ಬ್ ಕಟ್ಟಿ ನೋಡಿ. ಐದಾರು ಆಂಪಿಯರ್ ಎಳೆಯುವ ಆ ಬಲ್ಬ್ ಮಂಕಾಗಿ ಉರಿದರೆ ವೈರಿನ ಬಣ್ಣ ಬಯಲು. ಜೋಡಿಸುವಾಗ ಅಷ್ಟೇ ದಪ್ಪದ ವೈರ್ ಬಳಸಿ, ಬೆಸುಗೆಯ ಗಂಟು ಮಡಚುವ ಜಾಗದಲ್ಲಿ ಬೀಳದಂತೆ ನೋಡಿಕೊಳ್ಳಿ. ಪದೇ ಪದೇ ಫ್ಯೂಸ್ ಹಾರುವುದಕ್ಕೂ ಇದೇ ಕೊಳವೆಯಲ್ಲಿ ಸವೆದ ವೈರ್ ಕಾರಣವಾಗಿರಬಹುದು. ಹೆಚ್ಚಿನ ಆಂಪಿಯರ್ ಫ್ಯೂಸ್ ಹಾಕುವುದು ಕಾರಿಗೆ ಬೆಂಕಿ ಹಚ್ಚುವ ದಾರಿ.

ಗಾಜಿನ ಪಟ್ಟಿಯಿಂದ ಲೋಹದ ಟ್ಯಾಬ್ ಕಿತ್ತುಬಂದಿದ್ದರೆ ಫೆವಿಕ್ವಿಕ್ ಹಚ್ಚಬೇಡಿ, ಅದು ಕರೆಂಟ್ ಹಾಯಿಸುವುದಿಲ್ಲ. ಬೆಳ್ಳಿ ಬೆರೆತ ಎರಡು ಟ್ಯೂಬಿನ ಎಪಾಕ್ಸಿ ಅಂಟು ಕಲಸಿ ಅಂಟಿಸಿ, ಟೇಪಿನಿಂದ ಅಮುಕಿ 24 ಗಂಟೆ ಬಿಡಿ. ಬೆಸುಗೆಯೇ ಹೆಚ್ಚು ಗಟ್ಟಿ ನಿಜ, ಆದರೆ ಸಾಮಾನ್ಯ ಸೀಸ-ತವರ ಕರಗಿದಾಗ ಪಟ್ಟಿಯ ಬೆಳ್ಳಿಯನ್ನೂ ನುಂಗಿಬಿಡುತ್ತದೆ. ಬೆಳ್ಳಿಯಂಶವಿರುವ ಬೆಸುಗೆ ತಂತಿಯೇ ಬೇಕು. ಗಾಜನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಳ್ಳದೆ ಬಿಸಿ ಬೆಸುಗೆ ಕಡ್ಡಿ ಇಟ್ಟರೆ ಬಿರುಕು ಬಿಟ್ಟೀತು.

ಇಡೀ ಗಾಜು ಸತ್ತಿಲ್ಲ, ಅಡ್ಡಕ್ಕೆ ಒಂದೆರಡು ಪಟ್ಟೆ ಮಾತ್ರ ಮಬ್ಬಾಗಿ ಉಳಿಯುತ್ತದೆ ಎಂದರೆ ಆಗ ಗೆರೆಯೇ ಕಡಿದಿದೆ. ಹಿಂದಿನ ಸೀಟಿನ ಮೇಲೆ ತುರುಕಿದ ಸೂಟ್‌ಕೇಸಿನ ಮೂಲೆ, ಒಳಗಿನಿಂದ ಅಂಟಿಸಿದ ಸ್ಟಿಕರನ್ನು ಉಗುರಿನಲ್ಲಿ ಕೆರೆದದ್ದು, ಎಲ್ಲಕ್ಕಿಂತ ಮಿಗಿಲಾಗಿ ಸನ್‌ಫಿಲ್ಮ್. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ನಿಷೇಧಿಸಿದಾಗ ದಂಡಕ್ಕೆ ಹೆದರಿ ಬ್ಲೇಡ್ ಹಾಕಿ ಕೆರೆದವರು ಫಿಲ್ಮಿನ ಜೊತೆ ಗೆರೆಗಳನ್ನೂ ಕೆರೆದು ತೆಗೆದರು. ಹಿಂಗಾಜಿನ ಫಿಲ್ಮನ್ನು ಹಬೆ ಹಾಯಿಸಿ, ಗೆರೆ ಸಾಗಿದ ದಿಕ್ಕಿನಲ್ಲೇ ನಿಧಾನ ಸುಲಿಯಬೇಕು. ಉಳಿದ ಅಂಟಿಗೆ ಸೋಪಿನ ನೀರು ಮತ್ತು ಮೆತ್ತನೆ ಬಟ್ಟೆ.

ಕಡಿದ ಬಿಂದು ಕಣ್ಣಿಗೆ ಕಾಣದಷ್ಟು ಚಿಕ್ಕದು. ಕೆಂಪು ಕಡ್ಡಿಯ ತುದಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ (ಚೂಪು ತುದಿಯೇ ಗೆರೆ ಗೀರುತ್ತದೆ) ಪ್ಲಸ್ ಕಡೆಯಿಂದ ಗೆರೆಯುದ್ದಕ್ಕೂ ಸಾಗಿ. ಸರಿಯಾದ ಗೆರೆಯಲ್ಲಿ ವೋಲ್ಟ್ ಇಳಿಯುತ್ತಾ ನಡುಮಧ್ಯದಲ್ಲಿ ಆರರ ಸುಮಾರಿಗೆ ಬರುತ್ತದೆ. ಕಡಿದ ಗೆರೆಯಲ್ಲಿ 12 ಹಾಗೇ ನಿಂತು, ಒಂದು ಜಾಗದಲ್ಲಿ ಧೊಪ್ಪನೆ ಸೊನ್ನೆಗೆ ಬೀಳುತ್ತದೆ. ಹೊರಗಿನಿಂದ ಮಾರ್ಕರಿನಲ್ಲಿ ಗುರುತು ಹಾಕಿ, ಡಿಫಾಗರ್ ಆಫ್ ಮಾಡಿ.

ಬೇಕಾದದ್ದು ಬೆಳ್ಳಿಯ ಕಂಡಕ್ಟಿವ್ (ಕರೆಂಟ್ ಹಾಯಿಸುವ) ಪೇಂಟ್; ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೋ ಆನ್‌ಲೈನಿನಲ್ಲೋ ಹುಡುಕಿ. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಗೆರೆಯ ಮೇಲೆ ಕೆಳಗೆ ಟೇಪ್ ಅಂಟಿಸಿ ಗೆರೆಯಷ್ಟೇ ಅಗಲ ಬಿಡಿ. ಪೇಂಟ್ ಚೆನ್ನಾಗಿ ಕುಲುಕಿ, ಬೆಳ್ಳಿ ತಳದಲ್ಲಿ ಕೂತಿರುತ್ತದೆ. ಕಡಿದ ಜಾಗದ ಎರಡೂ ಬದಿಗೆ ಐದಾರು ಮಿಲಿಮೀಟರ್ ಹೆಚ್ಚೇ ಹಾಯುವಂತೆ ತೆಳುವಾಗಿ ಎರಡು ಮೂರು ಕೋಟ್, ನಡುನಡುವೆ ಒಣಗಲು ಬಿಟ್ಟು. ಟೇಪನ್ನು ಪೇಂಟ್ ಪೂರ್ತಿ ಗಟ್ಟಿಯಾಗುವ ಮುನ್ನ ತೆಗೆಯಿರಿ, ಇಲ್ಲವಾದರೆ ಹಚ್ಚಿದ್ದೂ ಅದರ ಜೊತೆ ಏಳುತ್ತದೆ. ಮಳೆಗಾಲದ ತೇವದಲ್ಲಿ ಪೂರಾ ಒಂದು ದಿನ ಕಾಯದೆ ಸ್ವಿಚ್ ಒತ್ತಬೇಡಿ. ಆಮೇಲೂ ಗೆರೆ ಬಿಸಿಯಾಗದಿದ್ದರೆ ಮತ್ತೆ ಅಳೆಯಿರಿ, ಒಂದೇ ಗೆರೆ ಎರಡು ಕಡೆ ಕಡಿದಿರುವುದು ಅಪರೂಪವಲ್ಲ.

ಎರಡೂವರೆ ಸೆಂಟಿಮೀಟರಿಗಿಂತ ಉದ್ದದ ಗೆರೆಯೇ ಅಳಿಸಿಹೋಗಿದ್ದರೆ ಪೇಂಟ್ ಅಷ್ಟಾಗಿ ಬಾಳುವುದಿಲ್ಲ. ಅಂಚಿನ ಪಟ್ಟಿಯೇ ಎದ್ದಿದ್ದರೆ, ಐದಾರು ಗೆರೆ ಬ್ಲೇಡಿಗೆ ಬಲಿಯಾಗಿದ್ದರೆ ಹೊಸ ಗಾಜೇ ಸರಿ. ಆಗಲೂ ಗಾಜು ಕೂರಿಸುವ ಮುನ್ನ ಒಮ್ಮೆ ಕಣ್ಣು ಹಾಯಿಸಿ. ಅದೇ ಕಾರಿನ ಕೆಳಗಿನ ವೇರಿಯಂಟಿನ ಗಾಜು ಅಳತೆಗೆ ಸರಿಯಾಗಿ ಕೂರುತ್ತದೆ, ಬೆಲೆಯೂ ಕಡಿಮೆ, ಗೆರೆ ಮಾತ್ರ ಒಂದೂ ಇರುವುದಿಲ್ಲ.