ನಾಲ್ಕು ಬೋರ್‌ಗಳ ನಡುವಿನ ನೆಲ

2005ರ ಜುಲೈ 26ರ ಮಳೆಯ ಮಾತು ಬಂದಾಗ ಮುಂಬಯಿಯವರು ಇಂದಿಗೂ ಒಂದೇ ಸಂಖ್ಯೆ ಹೇಳುತ್ತಾರೆ: 944. ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯ ಅಳೆದ ಮಳೆ ಅದು, ಮಿಲಿಮೀಟರ್ ಲೆಕ್ಕದಲ್ಲಿ. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ದಾಖಲಾದದ್ದು 73. ಎರಡರ ನಡುವೆ 25 ಕಿಲೋಮೀಟರ್ ದೂರವೂ ಇಲ್ಲ. ಹಾಗಾದರೆ ಎರಡರ ನಡುವಿರುವ ದಾದರ್‌ನಲ್ಲಿ ಎಷ್ಟು ಮಳೆಯಾಗಿರಬೇಕು? ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸುಮಾರು 508 ಬರುತ್ತದೆ. ಲೆಕ್ಕ ಸರಿಯಾಗಿದೆ, ಆದರೆ ಮೋಡ ಆ ಲೆಕ್ಕ ನೋಡಿಕೊಂಡು ಸುರಿಯುವುದಿಲ್ಲ. ಅದೇ ದಿನ ಸಾಂತಾಕ್ರೂಜ್‌ನ ಈಶಾನ್ಯಕ್ಕಿರುವ ವಿಹಾರ್ ಕೆರೆಯ ಬಳಿ ಮಳೆ ಸಾವಿರ ಮಿಲಿಮೀಟರ್ ದಾಟಿತ್ತು.

ಅಲ್ಲೊಂದು ಇಲ್ಲೊಂದು ಬಿಂದುವಿನಲ್ಲಿ ಅಳತೆ ಇದ್ದು, ಅವುಗಳ ಮೇಲೆ ಒಂದೇ ಹೊದಿಕೆಯಂತೆ ಮೇಲ್ಮೈಯೊಂದನ್ನು ಹೊದಿಸಬೇಕೆಂದಾಗ ಏಳುವ ಪ್ರಶ್ನೆ ಇದೇ. ಇಂದು ಕಂಪ್ಯೂಟರ್ ಆ ಕೆಲಸವನ್ನು ಕ್ಷಣದಲ್ಲಿ ಮುಗಿಸಿ, ನೀಲಿ, ಹಸಿರು, ಕೆಂಪು ಬಳಿದು, ಮೂರು ಆಯಾಮಗಳಲ್ಲಿ ತಿರುಗಿಸಿಯೂ ತೋರಿಸುತ್ತದೆ. ಆ ಬಣ್ಣದ ಕೆಳಗೆ ಮುನ್ನೂರು ವರ್ಷಗಳ ವಾದವೊಂದು ಮಲಗಿದೆ. ಮುಂಬಯಿಯಲ್ಲಿ ಕಟ್ಟಡಗಳ ಅಡಿಪಾಯಕ್ಕಾಗಿ ನೆಲ ಪರೀಕ್ಷಿಸುವ ಕಚೇರಿಯಲ್ಲಿ ದುಡಿಯುವ ನನಗೆ ಆ ವಾದ ದಿನದ ಕೆಲಸವೇ ಆಗಿದೆ.

ನಮ್ಮಲ್ಲಿ ಹೊಸದಾಗಿ ಸೇರಿದವರು ಮೊದಲು ಎಡವುವುದು ಎಕ್ಸೆಲ್‌ನಲ್ಲಿ. ಪೂರ್ವದ ದೂರ, ಉತ್ತರದ ದೂರ, ಬಂಡೆ ಸಿಕ್ಕ ಆಳ ಎಂದು ಮೂರು ಕಂಬಸಾಲುಗಳನ್ನು ತುಂಬಿಸಿ ಸರ್ಫೇಸ್ ಚಾರ್ಟ್ ಒತ್ತುತ್ತಾರೆ. ತೆರೆಯ ಮೇಲೆ ನೆಲ ಕಾಣುವ ಬದಲು ಅರ್ಥವಿಲ್ಲದ ಮಡಿಕೆಗಳು ಏಳುತ್ತವೆ. ಎಕ್ಸೆಲ್ ಆ ಮೂರು ಕಂಬಸಾಲುಗಳನ್ನು ಮೂರು ಬೇರೆ ಸರಣಿಗಳೆಂದು ಓದಿರುತ್ತದೆ. ಅದಕ್ಕೆ ಬೇಕಾದದ್ದು ಚೌಕುಳಿ: ಅಡ್ಡ ಸಾಲು, ಉದ್ದ ಸಾಲು, ಪ್ರತಿಯೊಂದು ಮನೆಯಲ್ಲೂ ಒಂದೊಂದು ಎತ್ತರ. ಇಂಥ ತಂತ್ರಾಂಶಗಳಿಗೆ ಮೇಲ್ಮೈ ಎಂದರೆ ಸಂಖ್ಯೆಗಳ ಕೋಷ್ಟಕ. ಮುಂಬಯಿಯಲ್ಲಿ ಚೌಕುಳಿ ನೋಡಿ ಬೋರ್, ಅಂದರೆ ನೆಲ ಪರೀಕ್ಷೆಯ ರಂಧ್ರ, ಹೊಡೆಯಲು ಯಾರಿಗೂ ಆಗುವುದಿಲ್ಲ. ಹಳೆಯ ಚಾಳಿನ (ವಠಾರದ) ಗೋಡೆ, ನೀರಿನ ಪೈಪು, ಪಕ್ಕದ ಸೊಸೈಟಿಯವರ ಆಕ್ಷೇಪ ಎಲ್ಲವನ್ನೂ ತಪ್ಪಿಸಿ ಎಲ್ಲಿ ಯಂತ್ರ ನಿಲ್ಲುತ್ತದೋ ಅಲ್ಲೇ ಬೋರ್. ಹೀಗೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಬಿಂದುಗಳಿಂದ ಚೌಕುಳಿಯ ಖಾಲಿ ಮನೆಗಳನ್ನು ತುಂಬುವವರು ಯಾರು, ಯಾವ ನಿಯಮದಿಂದ ತುಂಬುತ್ತಾರೆ ಎಂಬುದರಲ್ಲೇ ಈ ವಿಷಯದ ಚರಿತ್ರೆಯೆಲ್ಲ ಇದೆ.

ಮೊದಲು ತುಂಬಿದ್ದು ಮನುಷ್ಯನ ಕೈ. ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಹಡಗಿನಲ್ಲಿ ಅಟ್ಲಾಂಟಿಕ್ ಸುತ್ತಿ, ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ವಾಲುತ್ತದೆಂದು ಅಳೆದು, ಸಮಾನ ವಾಲಿಕೆಯ ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ನಕ್ಷೆಯನ್ನು 1701ರಲ್ಲಿ ಪ್ರಕಟಿಸಿದ. ಹಡಗು ಹೋಗದ ನೀರಿನ ಮೇಲೂ ಗೆರೆ ಹಾದಿತ್ತು. ನನಗೆ ಇನ್ನೂ ಹತ್ತಿರವಾಗುವುದು ಗಣಿತಜ್ಞ ಚಾರ್ಲ್ಸ್ ಹಟ್ಟನ್ ಮಾಡಿದ ಕೆಲಸ. 1774ರಲ್ಲಿ ಖಗೋಳಜ್ಞ ನೆವಿಲ್ ಮಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಪಕ್ಕದಲ್ಲಿ ತೂಗುಗುಂಡನ್ನು ಇಳಿಬಿಟ್ಟು, ಬೆಟ್ಟ ಅದನ್ನು ಎಷ್ಟು ಸೆಳೆಯುತ್ತದೆಂದು ನೋಡಿ ಭೂಮಿಯನ್ನೇ ತೂಗಲು ಹೊರಟಿದ್ದ. ಅದಕ್ಕೆ ಬೆಟ್ಟದ ಆಕಾರ ತಿಳಿಯಬೇಕಿತ್ತು. ಅಳತೆಯವರು ತಂದುಕೊಟ್ಟದ್ದು ಕಾಗದದ ತುಂಬ ಚದುರಿದ ಎತ್ತರಗಳನ್ನು. ಹಟ್ಟನ್ ಒಂದೇ ಎತ್ತರದ ಬಿಂದುಗಳ ನಡುವೆ ತೆಳುವಾದ ಗೆರೆ ಎಳೆದ. ಬೆಟ್ಟ ಕಾಗದದ ಮೇಲೆ ಎದ್ದು ನಿಂತಿತು. 1778ರಲ್ಲಿ ಅವನ ಲೆಕ್ಕ ಪ್ರಕಟವಾಯಿತು. ಆ ಗೆರೆಗಳು ಬಿಂದುಗಳ ನಡುವೆ ಹೇಗೆ ಬಳುಕಬೇಕೆಂಬುದನ್ನು ತೀರ್ಮಾನಿಸಿದ್ದು ಹಟ್ಟನ್‌ನ ಕಣ್ಣು.

ಅಂಥ ಕಣ್ಣಿನವರನ್ನು ನಾನು ನೋಡಿದ್ದೇನೆ. ನಮ್ಮ ಕಚೇರಿಯಲ್ಲಿ ದಕ್ಷಿಣ ಕನ್ನಡದಿಂದ ಬಂದ ಹಿರಿಯ ನಕ್ಷೆಗಾರರೊಬ್ಬರಿದ್ದರು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಮಧ್ಯಾಹ್ನ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಊಟ ಮುಗಿಸಿ ಬಂದು, ಟ್ರೇಸಿಂಗ್ ಕಾಗದವನ್ನು ಅಂಗೈಯಿಂದ ಸವರಿ, ಪೆನ್ಸಿಲ್ ಹಿಡಿದರೆ ಒಂದು ಗಂಟೆ ಮಾತಿಲ್ಲ. ಮುಂಬಯಿ ಏಳು ದ್ವೀಪಗಳ ನಡುವಿನ ನೀರನ್ನು ತುಂಬಿ ಮಾಡಿದ ಊರು. ಮಣ್ಣಿನ ಭರ್ತಿ, ಅದರ ಕೆಳಗೆ ಕಡಲಿನ ಕಪ್ಪು ಜೇಡಿ, ಅದರ ಕೆಳಗೆ ಬಸಾಲ್ಟ್ ಬಂಡೆ. ಹಳೆಯ ದ್ವೀಪದ ಅಂಚಿನಲ್ಲಿ ಬಂಡೆ ಇದ್ದಕ್ಕಿದ್ದಂತೆ ಇಳಿಯುತ್ತದೆ. ಒಮ್ಮೆ ನಾನು ಎಳೆದ ಗೆರೆಯ ಮೇಲೆ ಬೆರಳಿಟ್ಟು ಅವರು ಹೇಳಿದರು: "ಇಲ್ಲಿ ಮೊದಲು ಖಾಡಿ ಇತ್ತು ಮಾರಾಯ. ಗೆರೆಯನ್ನು ಅಡ್ಡ ಎಳೆಯಬೇಡ, ನೀರು ಹರಿದ ಕಡೆಗೆ ಎಳೆ." ಅವರು ಹಳೆಯ ನಕ್ಷೆಗಳನ್ನು ನೋಡಿದ್ದರು. ಬೋರ್ ಹೇಳದ ಸಂಗತಿ ಅವರ ಪೆನ್ಸಿಲಿಗೆ ಗೊತ್ತಿತ್ತು.

ಕಣ್ಣಿನ ಜಾಗಕ್ಕೆ ನಿಯಮ ಬಂದದ್ದು ನಿಧಾನವಾಗಿ. ಅಮೆರಿಕದ ಹವಾಮಾನ ಇಲಾಖೆಯ ಆಲ್ಫ್ರೆಡ್ ಥೀಸನ್ 1911ರಲ್ಲಿ ಸರಳವಾದ ದಾರಿ ತೋರಿಸಿದ: ಪ್ರತಿ ಜಾಗಕ್ಕೂ ಅದಕ್ಕೆ ಅತ್ಯಂತ ಹತ್ತಿರದ ಮಳೆಮಾಪಕದ ಅಳತೆಯನ್ನೇ ಕೊಟ್ಟುಬಿಡುವುದು. ನೆಲ ಬಹುಭುಜಗಳಾಗಿ ಒಡೆಯುತ್ತದೆ, ಗಡಿಯಲ್ಲಿ ಮಳೆ ಮೆಟ್ಟಿಲಿನಂತೆ ಜಿಗಿಯುತ್ತದೆ. 1934ರಲ್ಲಿ ಸೋವಿಯತ್ ಗಣಿತಜ್ಞ ಬೋರಿಸ್ ಡೆಲೋನೆ ಬಿಂದುಗಳನ್ನು ತ್ರಿಕೋನಗಳಾಗಿ ಜೋಡಿಸುವ ಚೆಲುವಾದ ನಿಯಮವೊಂದನ್ನು ಕೊಟ್ಟ: ಯಾವ ತ್ರಿಕೋನದ ಸುತ್ತ ವೃತ್ತ ಬರೆದರೂ ಅದರೊಳಗೆ ಬೇರೆ ಬಿಂದು ಇರಕೂಡದು. ಇಂದು ಚೆಲ್ಲಾಪಿಲ್ಲಿ ಬಿಂದುಗಳನ್ನು ತ್ರಿಕೋನಗಳಿಂದ ಮುಚ್ಚುವ ತಂತ್ರಾಂಶಗಳು ಬಹುತೇಕ ಈ ನಿಯಮದ ಮೇಲೆಯೇ ನಿಂತಿವೆ.

ಚೆಲುವಾದ ನಿಯಮವೂ ಎಲ್ಲಿ ಕೈಬಿಡುತ್ತದೆಂದು ನೋಡಲು ನಾಲ್ಕೇ ಬೋರ್ ಸಾಕು. ನಮಗೆ ಒಮ್ಮೆ ಬಂದ ನಿವೇಶನ ಚೌಕ, ಬದಿ 40 ಮೀಟರ್. ನಾಲ್ಕು ಮೂಲೆಗಳಲ್ಲಿ ಬೋರ್. ಈಶಾನ್ಯ ಮತ್ತು ನೈಋತ್ಯದಲ್ಲಿ ಬಂಡೆ 4 ಮೀಟರ್ ಆಳದಲ್ಲಿ, ವಾಯವ್ಯ ಮತ್ತು ಆಗ್ನೇಯದಲ್ಲಿ 12 ಮೀಟರ್ ಆಳದಲ್ಲಿ. ನಡುಮಧ್ಯದಲ್ಲಿ ಎಷ್ಟು? ಚೌಕವನ್ನು ಎರಡು ತ್ರಿಕೋನ ಮಾಡಲು ಒಂದು ಕರ್ಣ ಎಳೆಯಬೇಕು. ಆಳ ಕಡಿಮೆಯಿರುವ ಮೂಲೆಗಳನ್ನು ಜೋಡಿಸಿದರೆ ನಡುವೆ ಬಂಡೆಯ ದಿಣ್ಣೆ, ಆಳ 4. ಆಳ ಹೆಚ್ಚಿರುವ ಮೂಲೆಗಳನ್ನು ಜೋಡಿಸಿದರೆ ನಡುವೆ ಕಣಿವೆ, ಆಳ 12. ಚೌಕದ ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಬೀಳುವುದರಿಂದ ಡೆಲೋನೆಯ ನಿಯಮ ಇಲ್ಲಿ ಯಾವ ಕರ್ಣವೆಂದು ಹೇಳುವುದಿಲ್ಲ. ತಂತ್ರಾಂಶ ಮಾತ್ರ ಯಾವುದೋ ಒಂದನ್ನು ಆರಿಸಿಕೊಂಡು, ಏನೂ ಆಗದವರಂತೆ ಚಿತ್ರ ಬರೆಯುತ್ತದೆ. ಪೈಲ್, ಅಂದರೆ ಬಂಡೆಯವರೆಗೆ ಇಳಿಸುವ ಅಡಿಪಾಯದ ಕಂಬ, ಎಷ್ಟು ಉದ್ದ ಬೇಕೆಂದು ಗುತ್ತಿಗೆದಾರ ಬೆಲೆ ಹೇಳುವುದು ಆ ಚಿತ್ರ ನೋಡಿ.

ಇದಕ್ಕೆ ಮೂರನೆಯ ಉತ್ತರವೂ ಇದೆ, ಅದು ಕೇಂಬ್ರಿಜ್‌ನಿಂದ ಬಂತು, ಅಮೆರಿಕದ ಕೇಂಬ್ರಿಜ್‌ನಿಂದ. 1965ರಲ್ಲಿ ಹೊವಾರ್ಡ್ ಫಿಶರ್ ಹಾರ್ವರ್ಡ್‌ನಲ್ಲಿ ಕಂಪ್ಯೂಟರ್ ನಕ್ಷೆಗಳ ಪ್ರಯೋಗಾಲಯ ತೆರೆದರು. ಅಲ್ಲಿಯ ಸಿಮ್ಯಾಪ್ ಎಂಬ ತಂತ್ರಾಂಶ ಸಾಲುಮುದ್ರಕದಲ್ಲಿ ಅಕ್ಷರದ ಮೇಲೆ ಅಕ್ಷರ ಒತ್ತಿ ಕಪ್ಪುಬಿಳುಪಿನ ನಕ್ಷೆ ಮೂಡಿಸುತ್ತಿತ್ತು. ಅದರ ಲೆಕ್ಕವನ್ನು ತಿದ್ದಿದ್ದು ಡೊನಾಲ್ಡ್ ಶೆಪರ್ಡ್ ಎಂಬ, ಇನ್ನೂ ಪದವಿ ಓದುತ್ತಿದ್ದ ಹುಡುಗ. 1968ರಲ್ಲಿ ಆತ ಪ್ರಕಟಿಸಿದ ಉಪಾಯ ಯಾರಿಗೂ ಅರ್ಥವಾಗುವಂಥದ್ದು: ಹತ್ತಿರದ ಬಿಂದುವಿನ ಮಾತಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ, ತೂಕ ದೂರದ ವರ್ಗಕ್ಕೆ ವಿಲೋಮವಾಗಿರಲಿ. ನಮ್ಮ ನಿವೇಶನದ ನಡುಮಧ್ಯಕ್ಕೆ ನಾಲ್ಕೂ ಮೂಲೆ ಸಮದೂರ, ಹಾಗಾಗಿ ಉತ್ತರ 8.

ಆ ವಿದ್ಯಾರ್ಥಿಯ ಉಪಾಯ ನಮ್ಮ ಪಕ್ಕದ ಪುಣೆಯಲ್ಲೂ ನೆಲೆಸಿದೆ. ಅಲ್ಲಿಯ ಭಾರತೀಯ ಹವಾಮಾನ ಇಲಾಖೆಯ ತಜ್ಞರು 2014ರಲ್ಲಿ 1901ರಿಂದ 2010ರವರೆಗಿನ ದಿನದಿನದ ಮಳೆಯನ್ನು ಕಾಲು ಡಿಗ್ರಿ ಚೌಕುಳಿಗೆ ಇಳಿಸಿದ ದತ್ತಾಂಶವನ್ನು ಹೊರತಂದರು. 6955 ಮಳೆಮಾಪಕ ಕೇಂದ್ರಗಳ ದಾಖಲೆ, ತುಂಬುವ ನಿಯಮ ಶೆಪರ್ಡ್‌ನದು. ದೇಶದ ಮುಂಗಾರಿನ ಸಂಶೋಧನೆಗೆ ಅದು ದೊಡ್ಡ ಆಧಾರ, ಅದರ ಹಿಂದಿನ ದುಡಿಮೆಗೆ ನಾನು ತಲೆಬಾಗುತ್ತೇನೆ. ಆದರೆ ಕಾಲು ಡಿಗ್ರಿ ಎಂದರೆ ಉತ್ತರ ದಕ್ಷಿಣವಾಗಿ ಸುಮಾರು 28 ಕಿಲೋಮೀಟರ್. 944 ಮತ್ತು 73ರ ನಡುವಿನ ದೂರವೆಲ್ಲ ಒಂದೇ ಚೌಕದ ಬದಿಯೊಳಗೆ ಅಡಗುತ್ತದೆ. ಇಡೀ ದೇಶಕ್ಕಾಗಿ ನೇಯ್ದ ಬಲೆಯಿಂದ ಕುರ್ಲಾದ ಗಲ್ಲಿಯೊಂದರ ನೀರನ್ನು ಹಿಡಿಯಲು ಹೋದರೆ ತಪ್ಪು ಹಿಡಿಯುವವರದು.

ಶೆಪರ್ಡ್‌ನ ನಿಯಮದ ಇನ್ನೊಂದು ಗುಣವನ್ನು ಬಳಸುವವರೆಲ್ಲ ಗಮನದಲ್ಲಿಡಬೇಕು. ಅದು ತೂಕದ ಸರಾಸರಿ, ಆದ್ದರಿಂದ ಅಳೆದ ಅತಿ ದೊಡ್ಡ ಸಂಖ್ಯೆಯನ್ನು ಎಂದೂ ಮೀರದು, ಅತಿ ಚಿಕ್ಕದರ ಕೆಳಗೆ ಇಳಿಯದು. ತ್ರಿಕೋನಗಳದ್ದೂ ಅದೇ ಮಿತಿ. ಸಾಂತಾಕ್ರೂಜ್ ಮತ್ತು ಕೊಲಾಬಾ ಎರಡನ್ನೇ ಕೊಟ್ಟು ಎಷ್ಟು ಬಾರಿ ಒತ್ತಿದರೂ ವಿಹಾರ್ ಕೆರೆಯ ಸಾವಿರ ಹುಟ್ಟುವುದಿಲ್ಲ.

ಗಣಿಯವರ ಚಿಂತೆ ಬೇರೆ. ಚಿನ್ನದ ಗಣಿಯಲ್ಲಿ ಒಂದು ಮಾದರಿ ಕಲ್ಲು ಸಮೃದ್ಧವಾಗಿ ಹೊಳೆದರೆ ಸುತ್ತಲಿನ ಬಂಡೆಯೂ ಹಾಗೆಯೇ ಎಂದು ನಂಬಿ ಕೈಸುಟ್ಟುಕೊಳ್ಳುವುದು ಸುಲಭ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ಗಣಿಗಳಲ್ಲಿ ಈ ತಪ್ಪನ್ನು ಲೆಕ್ಕದಿಂದ ತಿದ್ದುವುದು ಹೇಗೆಂದು ಡ್ಯಾನಿ ಕ್ರಿಗೆ 1951ರಲ್ಲಿ ಬರೆದರು. ಅದನ್ನು 1960ರ ದಶಕದಲ್ಲಿ ಸಿದ್ಧಾಂತವಾಗಿ ಬೆಳೆಸಿ ಕ್ರಿಗೆಯ ಹೆಸರನ್ನೇ ಇಟ್ಟವರು ಫ್ರಾನ್ಸಿನ ಜಾರ್ಜ್ ಮಾಥೆರಾನ್. ಕ್ರಿಗಿಂಗ್ ತೂಕ ಹಂಚುವ ಮೊದಲು ದತ್ತಾಂಶವನ್ನೇ ಕೇಳುತ್ತದೆ: ದೂರ ಹೆಚ್ಚಿದಂತೆ ನಿಮ್ಮ ನಡುವಿನ ವ್ಯತ್ಯಾಸ ಹೇಗೆ ಹೆಚ್ಚುತ್ತದೆ? ಆ ಉತ್ತರದ ರೇಖೆಗೆ ವೇರಿಯೋಗ್ರಾಮ್ ಎಂದು ಹೆಸರು. ಮೇಲ್ಮೈಯ ಜೊತೆಗೆ, ಎಲ್ಲೆಲ್ಲಿ ಎಷ್ಟು ಅನುಮಾನ ಉಳಿದಿದೆ ಎಂಬ ಎರಡನೆಯ ನಕ್ಷೆಯನ್ನೂ ಅದು ಕೊಡುತ್ತದೆ. ಇಷ್ಟು ಪ್ರಾಮಾಣಿಕವಾದ ವಿಧಾನವನ್ನು ನಾನು ಬೇರೆ ಕಂಡಿಲ್ಲ. ಆದರೆ ಅದಕ್ಕೆ ಬಿಂದುಗಳು ಸಾಕಷ್ಟು ಬೇಕು. ನಮ್ಮ ನಾಲ್ಕು ಬೋರ್‌ಗಳಿಂದ ಸಿಗುವುದು ಆರು ಜೋಡಿ. 40 ಮೀಟರ್ ದೂರದ ನಾಲ್ಕು ಜೋಡಿಗಳಲ್ಲಿ ವ್ಯತ್ಯಾಸ 8, ಸುಮಾರು 57 ಮೀಟರ್ ದೂರದ ಎರಡು ಕರ್ಣಗಳಲ್ಲಿ ವ್ಯತ್ಯಾಸ ಸೊನ್ನೆ. ಅಂದರೆ ದೂರವಾದಷ್ಟೂ ನೆಲ ಒಂದೇ ತೆರನಾಗುತ್ತದೆ ಎಂಬ ಅಸಂಬದ್ಧ ಉತ್ತರ.

ಇದೇ ಹೊತ್ತಿಗೆ ಮತ್ತೊಂದು ಗುಂಪು ಬಾಗಿಸುವ ದಾರಿ ಹಿಡಿದಿತ್ತು. ಅಯೋವಾದ ರೋಲಂಡ್ ಹಾರ್ಡಿ 1971ರಲ್ಲಿ ಬೆಟ್ಟಗುಡ್ಡಗಳ ನಕ್ಷೆಗಾಗಿ ಪ್ರತಿ ಬಿಂದುವಿನ ಮೇಲೂ ಒಂದೊಂದು ಬಟ್ಟಲಿನಾಕಾರ ಕೂರಿಸಿ ಕೂಡಿಸಿದರು. ಫ್ರಾನ್ಸಿನ ಜಾನ್ ಡ್ಯುಶೋನ್ ತೆಳು ಲೋಹದ ತಗಡನ್ನು ಎಲ್ಲ ಬಿಂದುಗಳನ್ನೂ ಮುಟ್ಟುವಂತೆ ಆದಷ್ಟು ಕಡಿಮೆ ಬಗ್ಗಿಸುವ ಲೆಕ್ಕ ಕೊಟ್ಟರು. ಅಮೆರಿಕದ ಗಣಿತಜ್ಞ ರಿಚರ್ಡ್ ಫ್ರಾಂಕೆ ಸುಮಾರು ಮೂವತ್ತು ವಿಧಾನಗಳನ್ನು ಒಂದೇ ಪರೀಕ್ಷೆಗೆ ಒಡ್ಡಿ 1982ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಈ ಇಬ್ಬರ ವಿಧಾನಗಳು ಮುಂಚೂಣಿಯಲ್ಲಿದ್ದವು. ತಗಡು ನುಣುಪಾಗಿ ಬಾಗುತ್ತದೆ, ಅಳೆದ ಸಂಖ್ಯೆಗಳನ್ನು ಮೀರಿ ಏರಲೂ ಇಳಿಯಲೂ ಬಲ್ಲದು. ಅದೇ ಅದರ ಅಪಾಯವೂ ಹೌದು: ಮಳೆಯ ಲೆಕ್ಕದಲ್ಲಿ ಸೊನ್ನೆಗಿಂತ ಕಡಿಮೆ ಮಳೆ ಕಾಣಿಸಬಹುದು, ಬಂಡೆಯ ಲೆಕ್ಕದಲ್ಲಿ ಬಂಡೆ ನೆಲದ ಮೇಲಕ್ಕೆ ಬಂದುಬಿಡಬಹುದು.

ಈ ವಿಧಾನಗಳೆಲ್ಲ ಈಗ ಒಂದೊಂದು ಗುಂಡಿ ಅಥವಾ ಒಂದೊಂದು ಪದ. ಚಿತ್ರ ಬರೆಯುವ ತಂತ್ರಾಂಶವಾದ ನ್ಯೂಪ್ಲಾಟ್‌ನಲ್ಲಿ ಡಿಗ್ರಿಡ್3ಡಿ ಎಂಬ ಆಜ್ಞೆ ಕೊಟ್ಟರೆ ದೂರಕ್ಕೆ ತಕ್ಕ ತೂಕ ಹಾಕಿ ಚೌಕುಳಿ ತುಂಬುತ್ತದೆ. ಗಣಿತದ ತಂತ್ರಾಂಶವಾದ ಮ್ಯಾಟ್‌ಲ್ಯಾಬ್‌ನ ಗ್ರಿಡ್‌ಡೇಟಾ ಆಜ್ಞೆಯಲ್ಲಿ ವಿ4 ಎಂದು ಬರೆದರೆ, ಉಪಗ್ರಹಗಳು ಅಳೆದ ಸಮುದ್ರಮಟ್ಟಕ್ಕಾಗಿ ಡೇವಿಡ್ ಸ್ಯಾಂಡ್‌ವೆಲ್ 1987ರಲ್ಲಿ ಬಳಸಿದ ಲೆಕ್ಕ ಓಡುತ್ತದೆ. ವಿ4 ಎಂಬ ಎರಡಕ್ಷರದಲ್ಲಿ ಸಮುದ್ರದ ಸುಳಿವೂ ಇಲ್ಲ. ಸರ್ಫರ್ ತಂತ್ರಾಂಶದಲ್ಲಿ ಏನನ್ನೂ ಬದಲಿಸದಿದ್ದರೆ ಕ್ರಿಗಿಂಗ್ ನಡೆಯುತ್ತದೆ, ವೇರಿಯೋಗ್ರಾಮ್ ಸರಳರೇಖೆ ಎಂದು ಅದೇ ಮೊದಲೇ ಇಟ್ಟುಕೊಂಡಿರುತ್ತದೆ. ಚಿನ್ನಕ್ಕೆ, ಸಮುದ್ರಕ್ಕೆ, ಮಳೆಗೆ, ಬೆಟ್ಟಕ್ಕೆ ಎಂದು ಹುಟ್ಟಿದ ಲೆಕ್ಕಗಳು ತಾವು ಹುಟ್ಟಿದ ನೆಲದ ಗುರುತನ್ನು ಕಳಚಿ ಒಂದೇ ಪಟ್ಟಿಯಲ್ಲಿ ಕೂತಿವೆ. ವರದಿಯ ಚಿತ್ರದ ಕೆಳಗೆ ಯಾವ ವಿಧಾನ ಎಂಬ ಒಂದು ಸಾಲು ಬರೆಯುವವರು ಕಡಿಮೆ, ಅಳೆದ ಬಿಂದುಗಳನ್ನು ಕಪ್ಪು ಚುಕ್ಕೆಯಾಗಿ ಉಳಿಸುವವರು ಇನ್ನೂ ಕಡಿಮೆ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಆ ಚೌಕ ನಿವೇಶನಕ್ಕೆ ನಾವು ಮೂರು ಚಿತ್ರ ತೆಗೆದೆವು: 4, 12, 8. ಮೂರನ್ನೂ ಮಾಲೀಕರ ಮುಂದೆ ಹರಡಿ ಐದನೆಯ ಬೋರ್‌ಗೆ ಹಣ ಕೇಳಿದೆವು. ಅವರು ಒಪ್ಪಲು ಎರಡು ವಾರ ಬೇಕಾಯಿತು. ಅಣ್ಣ ಆಗಲೇ ನಿವೃತ್ತರಾಗಿ ಊರಿಗೆ ಹೋಗಿದ್ದರು. ಫೋನಿನಲ್ಲಿ ಕೇಳಿದಾಗ ನಿವೇಶನ ಯಾವ ರಸ್ತೆಯದೆಂದು ವಿಚಾರಿಸಿ, "ವಾಯವ್ಯದಿಂದ ಆಗ್ನೇಯಕ್ಕೆ ಹಳೆಯ ನೀರಿನ ದಾರಿ ಇರಬಹುದು, ನೋಡಿ" ಎಂದಷ್ಟೇ ಅಂದರು. ನಡುಮಧ್ಯದಲ್ಲಿ ಯಂತ್ರ ನಿಂತಿತು. 4 ಮೀಟರ್‌ನಲ್ಲಿ ಕಪ್ಪು ಜೇಡಿ, 8ರಲ್ಲಿ ಜೇಡಿಯ ಜೊತೆ ಚಿಪ್ಪಿನ ಚೂರು, 12ರಲ್ಲೂ ಜೇಡಿಯೇ. ಬಂಡೆ ಸಿಕ್ಕಿದ್ದು ಹದಿಮೂರೂವರೆ ಮೀಟರ್‌ನಲ್ಲಿ.