ಒಬಾಮ ಗೆದ್ದ ಮೇಲೂ ಮುಗಿಯದ ಲೆಕ್ಕ

ಅಮೆರಿಕದ ಚುನಾವಣಾ ರಾಜಕೀಯವನ್ನು ಕಲಿಸುವ ನನಗೆ ಪ್ರತಿ ವರ್ಷವೂ ಎದುರಾಗುವ ಪ್ರಶ್ನೆಯೊಂದಿದೆ. ‘ಕಪ್ಪು ವರ್ಣೀಯರಾದ ಬರಾಕ್ ಒಬಾಮ ಎರಡು ಸಲ ಅಧ್ಯಕ್ಷರಾದರಲ್ಲ, ಇನ್ನೂ ಜನಾಂಗದ ಮಾತೇಕೆ?’ ಕೇಳುವವರ ಗಮನವೆಲ್ಲ ಅಭ್ಯರ್ಥಿಯ ಮೈಬಣ್ಣದ ಮೇಲಿರುತ್ತದೆ.

ಆಗ ನಾನು ಕರಿಹಲಗೆಯ ಮೇಲೆ ಎರಡು ಅಂಕಿಗಳನ್ನು ಬರೆಯುತ್ತೇನೆ. ಮತಗಟ್ಟೆ ಸಮೀಕ್ಷೆಗಳ ಪ್ರಕಾರ 2008ರಲ್ಲಿ ಬಿಳಿಯ ಮತದಾರರ ಪೈಕಿ ಒಬಾಮ ಅವರಿಗೆ ಮತ ಹಾಕಿದವರು ಶೇ 43. ಅದಕ್ಕೂ ನಾಲ್ಕು ವರ್ಷ ಮೊದಲು ಅದೇ ಡೆಮಾಕ್ರಟಿಕ್ ಪಕ್ಷದ ಜಾನ್ ಕೆರಿ, ಸ್ವತಃ ಬಿಳಿಯರಾಗಿದ್ದೂ, ಪಡೆದದ್ದು ಶೇ 41. ಆರ್ಥಿಕ ಕುಸಿತದ ವರ್ಷವಾದ 2008ರಲ್ಲಿ ಮೈಬಣ್ಣದಿಂದಾಗಿ ಒಬಾಮ ಒಂದಿಷ್ಟು ಮತ ಕಳೆದುಕೊಂಡಿರಲೂಬಹುದು. ಆದರೆ ಅಭ್ಯರ್ಥಿ ಯಾರೇ ಇರಲಿ, ಬಿಳಿಯರ ಬಹುಮತ ಡೆಮಾಕ್ರಟಿಕ್ ಪಕ್ಷಕ್ಕೆ ದಕ್ಕಿದ್ದು 1964ರಲ್ಲೇ ಕೊನೆ. ಜನಾಂಗ ಅಭ್ಯರ್ಥಿಯ ಮುಖಕ್ಕಿಂತ ಪಕ್ಷದ ಹೆಸರಿನೊಳಗೇ ಹೆಚ್ಚು ಗಟ್ಟಿಯಾಗಿ ಕೂತಿದೆ.

ಅದು ಹಾಗೆ ಕೂತದ್ದು ಹೇಗೆ? ಒಂದು ಕಾಲಕ್ಕೆ ಲಿಂಕನ್ ಅವರ ರಿಪಬ್ಲಿಕನ್ ಪಕ್ಷವೇ ಕಪ್ಪು ಜನರ ಪಕ್ಷವಾಗಿತ್ತು. 1956ರಲ್ಲಿ ಕೂಡ ಆ ಪಕ್ಷದ ಐಸೆನ್‌ಹೋವರ್ ಕಪ್ಪು ಜನರ ಮತಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪಡೆದಿದ್ದರು. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್, ಜನಾಂಗ ತಾರತಮ್ಯವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಆ ವರ್ಷದ ಚುನಾವಣೆಯಲ್ಲಿ ಅವರ ರಿಪಬ್ಲಿಕನ್ ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ಅದರ ವಿರುದ್ಧ ಮತ ಹಾಕಿದ್ದರು. ದೇಶದಾದ್ಯಂತ ಸೋತ ಗೋಲ್ಡ್‌ವಾಟರ್‌ಗೆ ದಕ್ಷಿಣದ ಮಿಸಿಸಿಪ್ಪಿ ರಾಜ್ಯ ಕೊಟ್ಟದ್ದು ಶೇ 87 ಮತ.

ಈ ಶೇ 87ರ ಹತ್ತಿರ ನಾನು ಯಾವಾಗಲೂ ತುಸು ಹೊತ್ತು ನಿಲ್ಲುತ್ತೇನೆ. ಇಲ್ಲಿ ಕೇಳಬೇಕಾದದ್ದು ಮತ ಹಾಕಿದವರು ಯಾರು ಎಂದಲ್ಲ, ಹಾಕಲಾಗದೆ ಹೊರಗುಳಿದವರು ಯಾರು ಎಂದು. ಜನಾಂಗದ ಕಾರಣಕ್ಕೆ ಮತದ ಹಕ್ಕು ನಿರಾಕರಿಸುವಂತಿಲ್ಲ ಎಂದು ಸಂವಿಧಾನದ 15ನೆಯ ತಿದ್ದುಪಡಿ 1870ರಲ್ಲೇ ಸಾರಿತ್ತು. ದಕ್ಷಿಣದ ರಾಜ್ಯಗಳು ಜನಾಂಗದ ಹೆಸರೆತ್ತದೆಯೇ ಆ ಕೆಲಸ ಮುಗಿಸಿದವು: ಸಾಕ್ಷರತಾ ಪರೀಕ್ಷೆ, ಮತ ತೆರಿಗೆ, ಇವಕ್ಕೂ ಜಗ್ಗದವರಿಗೆ ಹೊಡೆತ. ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿ ಸೇರಿದ್ದ ಕಪ್ಪು ವಯಸ್ಕರು ಶೇ 7ರಷ್ಟು ಮಾತ್ರ. 1965ರ ಮತದಾನ ಹಕ್ಕು ಕಾಯ್ದೆ ಬಂತು, ಕೇಂದ್ರ ಸರ್ಕಾರದ ಅಧಿಕಾರಿಗಳು ಬಂದರು. ಎರಡೇ ವರ್ಷಗಳಲ್ಲಿ ಅದು ಶೇ 60ರ ಹತ್ತಿರಕ್ಕೆ ಏರಿತು. ಎರಡು ವರ್ಷಗಳಲ್ಲಿ ಯಾರ ಮನಸ್ಸೂ ಅಷ್ಟು ಬದಲಾಗಿರಲಿಲ್ಲ. ಬದಲಾದದ್ದು ನಿಯಮ.

ಪಟ್ಟಿಯಲ್ಲಿ ಹೆಸರಿದ್ದರೂ ಮತಕ್ಕೆ ತೂಕ ಬರುತ್ತದೆಯೇ ಎಂಬುದು ಬೇರೆಯೇ ಮಾತು. ಬಹುತೇಕ ರಾಜ್ಯಗಳಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದ ಅಭ್ಯರ್ಥಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷರನ್ನು ವಿಧ್ಯುಕ್ತವಾಗಿ ಆರಿಸುವ ಪ್ರತಿನಿಧಿಗಳು, ಸಲ್ಲುತ್ತಾರೆ. ಮಿಸಿಸಿಪ್ಪಿಯ ಜನಸಂಖ್ಯೆಯಲ್ಲಿ ಕಪ್ಪು ಜನರು ಮೂರನೇ ಒಂದಕ್ಕಿಂತ ಹೆಚ್ಚು. ಬೇರಾವ ರಾಜ್ಯದಲ್ಲೂ ಅವರ ಪಾಲು ಇಷ್ಟಿಲ್ಲ. ಅವರಲ್ಲಿ ಬಹುಪಾಲು ಜನ ಡೆಮಾಕ್ರಟಿಕ್ ಪಕ್ಷಕ್ಕೇ ಮತ ಹಾಕುತ್ತಾರೆ. ಆದರೂ ಆ ಪಕ್ಷ ಅಲ್ಲಿ ಅಧ್ಯಕ್ಷ ಚುನಾವಣೆಯನ್ನು ಕೊನೆಯ ಬಾರಿ ಗೆದ್ದದ್ದು 1976ರಲ್ಲಿ. ಹತ್ತಾರು ವರ್ಷ ಸಾಲಿನಲ್ಲಿ ನಿಂತು ಮತ ಹಾಕಿಯೂ ಒಬ್ಬ ಎಲೆಕ್ಟರ್‌ನನ್ನು ಕೂಡ ಗೆಲ್ಲಿಸಲಾಗದ ಮತದಾರರ ಬಗ್ಗೆ ನಮ್ಮ ಚರ್ಚೆಗಳು ತೀರಾ ಕಡಿಮೆ ಮಾತನಾಡುತ್ತವೆ. ನನಗೆ ಇದು ನೋವಿನ ಸಂಗತಿ.

1965ರ ಕಾಯ್ದೆಯ ಜೀವಾಳವಾಗಿದ್ದದ್ದು ಒಂದು ಪೂರ್ವಾನುಮತಿ: ತಾರತಮ್ಯದ ಇತಿಹಾಸವಿದ್ದ ಪ್ರದೇಶಗಳು ಮತದಾನದ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರದೇಶಗಳನ್ನು ಗುರುತಿಸುವ ಮಾನದಂಡವನ್ನೇ ರದ್ದುಗೊಳಿಸಿತು; ಅದರೊಂದಿಗೆ ಪೂರ್ವಾನುಮತಿಯೂ ನಿಂತುಹೋಯಿತು. ಒಬಾಮ ಆಗ ಶ್ವೇತಭವನದಲ್ಲೇ ಇದ್ದರು. ತೀರ್ಪು ಬಂದ ದಿನವೇ ಟೆಕ್ಸಾಸ್, ತಡೆಹಿಡಿಯಲಾಗಿದ್ದ, ಮತ ಹಾಕಲು ಗುರುತಿನ ಚೀಟಿ ಕೇಳುವ ತನ್ನ ಕಾನೂನನ್ನು ಜಾರಿಗೊಳಿಸುವುದಾಗಿ ಘೋಷಿಸಿತು. ಅದರ ಪರಿಣಾಮ ತಾರತಮ್ಯದ್ದು ಎಂದು ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಹೇಳುವ ಹೊತ್ತಿಗೆ 2016 ಬಂದಿತ್ತು. ಅಷ್ಟರಲ್ಲಿ 2014ರ ಚುನಾವಣೆ ಅದೇ ಕಾನೂನಿನಡಿ ನಡೆದುಹೋಗಿತ್ತು.